ಡಬ್ಬಿಯೊಳಗಿನ ತೊಟ್ಟೆ

ಎರಡನೇ ಸಲ ಸಿಕ್ಕಿಬಿದ್ದದ್ದು ಸಾವಂತ ಬಾಯಿಯ ಸ್ಟೀಲ್ ಡಬ್ಬಿಯಿಂದ.

ಜುಲೈ ತಿಂಗಳ ಎರಡನೇ ಮಂಗಳವಾರ. ಡೊಂಬಿವ್ಲಿಯಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಸಾವಂತ ಬಾಯಿ ಒಂದು ಕಿಲೋ ಇಡ್ಲಿ ಹಿಟ್ಟು ಹಾಕಿಸಿಕೊಂಡು, ಮುಚ್ಚಳ ಒತ್ತಿ, ಅಂಗಡಿಯ ಮೆಟ್ಟಿಲು ಇಳಿದಿದ್ದಳು ಅಷ್ಟೆ. ಪಾಲಿಕೆಯ ಜೀಪು ಬಂದು ನಿಂತಿತು. ದಪ್ಪ ಕನ್ನಡಕದ ಸಾಹೇಬನೊಬ್ಬ ಇಳಿದು, ತಾಯೀ, ಡಬ್ಬಿ ಒಮ್ಮೆ ತೆಗೆದು ತೋರಿಸುತ್ತೀರಾ ಎಂದು ಮರ್ಯಾದೆಯಿಂದಲೇ ಕೇಳಿದ. ಕೈಯಲ್ಲಿ ಡಬ್ಬಿ ಇದ್ದರೆ ಕಾಯಿದೆ ಪಾಲಿಸಿದಂತೆ ಎಂದೇ ತಿಳಿದಿದ್ದ ಆಕೆ ಹೆಮ್ಮೆಯಿಂದ ತೆಗೆದಳು. ಒಳಗೆ ಹಿಟ್ಟು ಇತ್ತು. ಹಿಟ್ಟಿನ ಸುತ್ತ ತೆಳ್ಳನೆಯ ಬಿಳಿ ಪ್ಲಾಸ್ಟಿಕ್ ಚೀಲವೂ ಇತ್ತು. ಚೀಲದ ಬಾಯಿಯನ್ನು ಡಬ್ಬಿಯ ಕಂಠದ ಮೇಲೆ ನೀಟಾಗಿ ಮಡಚಿ ಕೂರಿಸಿತ್ತು.

ಸಾಹೇಬ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಚೀಲದಲ್ಲಿ ಸಾಮಾನು ಕೊಡುವ ಅಂಗಡಿಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಗಿರಾಕಿ ತಂದ ಡಬ್ಬಿಯೊಳಗೆ ಚೀಲ ತೊಡಿಸಿ ಕೊಡುವ ಅಂಗಡಿ ಅವನಿಗೆ ಇದೇ ಮೊದಲು. ಹಿಟ್ಟು ಹಾಕುತ್ತಿದ್ದ ಹುಲಗಪ್ಪನನ್ನು ಇದು ಯಾಕೆ ಎಂದು ಕೇಳಿದ. ಕೊಪ್ಪಳದ ಕಡೆಯ, ಐವತ್ತು ದಾಟಿದ ಹುಲಗಪ್ಪನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಒಳಗಿರುವ ಅಮ್ಮನವರು ಹೇಳಿದ್ದಾರೆ, ಹಾಕಿದ್ದೇನೆ ಎಂದುಬಿಟ್ಟ.

ಒಳಗಿನ ಅಮ್ಮನವರೆಂದರೆ ವಾರಿಜಮ್ಮ. ವಯಸ್ಸು ಎಪ್ಪತ್ತೊಂದು. ಅಂಗಡಿಯ ಹಿಂದಿನ ರುಬ್ಬುವ ಕೋಣೆ ಅವರದು, ಅದರ ಆಚೆಗಿನ ಎರಡು ಕೋಣೆಗಳು ಮನೆ. ಉಡುಪಿಯ ಕಡೆಯಿಂದ ಗಂಡನ ಜೊತೆ ಬಂದು ಇಪ್ಪತ್ತೆರಡು ವರ್ಷದ ಹಿಂದೆ ಈ ಅಂಗಡಿ ಇಟ್ಟದ್ದು. ಇಡ್ಲಿ ಹಿಟ್ಟು, ದೋಸೆ ಹಿಟ್ಟು, ಬೇರೇನೂ ಇಲ್ಲ. ಯಾರು ಬಂದರೂ ಕಿಲೋ ಲೆಕ್ಕದಲ್ಲಿ ತೊಟ್ಟೆಗೆ ಸುರಿದು, ಗಂಟು ಹಾಕಿ ಕೊಡುವುದು. ಪ್ಲಾಸ್ಟಿಕ್ ಚೀಲಕ್ಕೆ ಊರ ಕಡೆ ತೊಟ್ಟೆ ಎನ್ನುತ್ತಾರಲ್ಲ, ಇಪ್ಪತ್ತೆರಡು ವರ್ಷವಾದರೂ ಈ ಮನೆಯಲ್ಲಿ ಅದು ತೊಟ್ಟೆಯೇ. ತೊಟ್ಟೆಯ ಮೇಲೆ ವಾರಿಜಮ್ಮನಿಗೆ ಇದ್ದ ಗೌರವ ಇನ್ಯಾವ ಹೊಸ ವಸ್ತುವಿನ ಮೇಲೂ ಇರಲಿಲ್ಲ. ಅದು ಯಾರೂ ಉಂಡದ್ದಲ್ಲ, ಯಾರ ಅಡುಗೆಮನೆಯದೂ ಅಲ್ಲ. ಹೊಸದು ಬರುತ್ತದೆ, ಹಿಟ್ಟು ತುಂಬಿಕೊಂಡು ಹೋಗುತ್ತದೆ, ತಿರುಗಿ ಬರುವುದಿಲ್ಲ. ಅದರಿಂದಾಗಿ ಬಗೆಬಗೆಯ ಜಾತಿಯ, ಬಗೆಬಗೆಯ ಊಟದ ಈ ಪೇಟೆಯಲ್ಲಿ ಕೂತು ಅವರು ಒಂದು ದಿನವೂ ಪರರ ಮುಸುರೆ ಪಾತ್ರೆ ಮುಟ್ಟದೆ ವ್ಯಾಪಾರ ಮಾಡಿದ್ದರು.

ಜೂನ್ ಇಪ್ಪತ್ತಮೂರಕ್ಕೆ ಸರಕಾರ ತೊಟ್ಟೆ ನಿಲ್ಲಿಸಿತು. ಆ ವಾರವೇ ಒಂದು ಸಲ ಸಿಕ್ಕಿ ಐದು ಸಾವಿರ ದಂಡವಾಗಿತ್ತು. ಆಮೇಲೆ ಜನ ಡಬ್ಬಿ ತರತೊಡಗಿದರು. ಒಂದರಲ್ಲಿ ಬೊಂಬಿಲ್ ಮೀನಿನ ವಾಸನೆ, ಇನ್ನೊಂದರಲ್ಲಿ ನಿನ್ನೆಯ ಮೊಟ್ಟೆಯ ಪಲ್ಯದ ಎಣ್ಣೆ. ಹುಲಗಪ್ಪನ ಸೌಟು ಆ ಡಬ್ಬಿಗೆ ತಾಗುತ್ತದೆ, ಅದೇ ಸೌಟು ಮರಳಿ ಹಿಟ್ಟಿಗೆ ಬರುತ್ತದೆ. ವಾರಿಜಮ್ಮ ಎರಡು ದಿನ ನೋಡಿದರು. ಮೂರನೇ ದಿನ, ನಿಷೇಧಕ್ಕೆ ಮುಂಚೆ ಪಕ್ಕದಂಗಡಿಯ ದೇವದಾಸನಿಂದ ಅಗ್ಗಕ್ಕೆ ತರಿಸಿಟ್ಟಿದ್ದ ತೊಟ್ಟೆಗಳನ್ನು ಹೊರಗೆ ತೆಗೆದರು. "ಡಬ್ಬಿಗೆ ಮೊದಲು ಇದನ್ನು ತೊಡಿಸು. ಆಮೇಲೆ ಸೌಟು" ಎಂದು ಹುಲಗಪ್ಪನಿಗೆ ಅಪ್ಪಣೆಯಾಯಿತು. ಮಗ ಯಜ್ಞೇಶ್ವರ ಬೇಡ ಎಂದ. ಸೊಸೆ ಬಾಗಿ ಬೇಡ ಎಂದಳು. ಡಬ್ಬಿ ಮುಚ್ಚಿದ ಮೇಲೆ ಒಳಗೆ ಎಂತ ಉಂಟು ಅಂತ ಯಾರು ನೋಡ್ತಾರೆ ಎಂದು ವಾರಿಜಮ್ಮ ಕೇಳಿದ್ದರು.

ಈಗ ನೋಡಿದ್ದರು.

ದಂಡದ ಚೀಟಿ ಬರೆಯುವಾಗ ಸಾಹೇಬ ಗುಮಾಸ್ತಾ ಕೇಳಿದ. ಅಂಗಡಿಯ ಪರವಾನಗಿ ಕಾಗದಕ್ಕೆ ಇಲ್ಲಿ ಹಾಗೆ ಹೇಳುವುದು. ಬಾಗಿ ಗೋಡೆಯಿಂದ ಅದರ ಫ್ರೇಮನ್ನೇ ಇಳಿಸಿ ತಂದಳು. ಅವನು ಹೆಸರು ಓದಿ, ವಾರಿಜಾ ಯಾರು ಎಂದ. ರುಬ್ಬುವ ಕೋಣೆಯ ಬಾಗಿಲಲ್ಲಿ ಕೂತು ಉದ್ದು ಆರಿಸುತ್ತಿದ್ದ ವಾರಿಜಮ್ಮ ತಲೆ ಎತ್ತಲಿಲ್ಲ. ಬಾಗಿಯೇ ತೋರಿಸಬೇಕಾಯಿತು. ಸಾಹೇಬ ಮುದುಕಿಯನ್ನು ಒಂದು ಗಳಿಗೆ ನೋಡಿ, ದನಿ ಏರಿಸದೆ ಹಿಂದಿಯಲ್ಲಿ ಹೇಳಿದ.

"ಇದು ಎರಡನೇದು, ಹತ್ತು ಸಾವಿರ. ಮೂರನೇ ಸಲಕ್ಕೆ ಇಪ್ಪತ್ತೈದು ಸಾವಿರ, ಮೂರು ತಿಂಗಳ ಜೈಲು. ಕಾಗದದಲ್ಲಿ ಯಾರ ಹೆಸರಿದೆಯೋ ಅವರಿಗೆ. ಆಜಿ, ನಾನು ಹೆದರಿಸುತ್ತಿಲ್ಲ. ಬರೆಯುವವನು ನಾನೇ, ಅದಕ್ಕೆ ಹೇಳುತ್ತಿದ್ದೇನೆ."

ಜೀಪು ಹೋದ ಮೇಲೆ ವಾರಿಜಮ್ಮ ಮೊಮ್ಮಗಳು ತನ್ವಿಯನ್ನು ಕರೆದು, ಅವ ಎಂತ ಹೇಳಿದ ಎಂದು ಕೇಳಿದರು. ಅವರಿಗೆ ಹಿಂದಿ ತಿಳಿಯುವುದಿಲ್ಲವೆಂದಲ್ಲ. ಅದನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವುದು ಅವರಿಗೆ ಬೇಕಿತ್ತು ಎಂದು ಬಾಗಿಗೆ ಅನ್ನಿಸಿತು.

ಆ ಸಂಜೆ ಯಜ್ಞೇಶ್ವರ ಮನೆಯಲ್ಲಿ ಕಣ್ಣಿಗೆ ಬಿದ್ದ ತೊಟ್ಟೆಗಳನ್ನೆಲ್ಲ ಗೋಣಿಗೆ ತುಂಬಿ, ಸ್ಕೂಟರಿನಲ್ಲಿ ಪಾಲಿಕೆಯ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬಂದ. ಊಟಕ್ಕೆ ತಿಳಿಸಾರು, ಸುಟ್ಟ ಹಪ್ಪಳ. ಯಾರಿಗೂ ಬೇರೆ ಮಾಡುವ ಮನಸ್ಸಿರಲಿಲ್ಲ. ಗುಮಾಸ್ತಾವನ್ನು ತನ್ನ ಹೆಸರಿಗೆ ಮಾಡಿಸುತ್ತೇನೆ ಎಂದು ಅವನು ಸಾರು ಕಲಸುತ್ತ ಹೇಳಿದ. ಅಪ್ಪ ತೀರಿಕೊಂಡಾಗ ತಾನು ಠಾಣೆ ಪಟ್ಟಣದ ಹೋಟೆಲಿನಲ್ಲಿ ಮ್ಯಾನೇಜರಿಕೆ ಮಾಡುತ್ತಿದ್ದುದರಿಂದ ಅಮ್ಮನ ಹೆಸರಿಗೆ ಹಾಕಿಸಿದ್ದು, ಈಗ ಅದನ್ನು ಹಾಗೆಯೇ ಬಿಡುವುದು ಸರಿಯಲ್ಲ ಎಂದ.

ವಾರಿಜಮ್ಮ ಹಪ್ಪಳ ಮುರಿದರು. ಬಾಗಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಪಾತ್ರೆ ತೊಳೆಯುವಾಗ ಗಂಡ ಪಕ್ಕಕ್ಕೆ ಬಂದು, ನಾಳೆಯೇ ಏಜೆಂಟನ ಹತ್ತಿರ ಹೋಗುತ್ತೇನೆ ಎಂದಾಗ ಅವಳ ಬಾಯಿಂದ ಅದು ಬಿತ್ತು.

"ಬೇಡ. ಅತ್ತೆಗಾದರೆ ವಯಸ್ಸು ನೋಡಿ ಬಿಟ್ಟುಬಿಡ್ತಾರೆ. ನಿಮ್ಮನ್ನು ಬಿಡ್ತಾರಾ? ನೀವು ಮೂರು ತಿಂಗಳು ಒಳಗೆ ಹೋದ್ರೆ ನಾನು ಈ ಹುಡುಗಿಯನ್ನು ಕಟ್ಟಿಕೊಂಡು ಎಂತ ಮಾಡುದು?"

"ಮೆಲ್ಲ ಮಾತಾಡು."

"ಮೆಲ್ಲವೇ ಮಾತಾಡ್ತಾ ಇದ್ದೇನೆ."

"ಬಿಡದಿದ್ದರೆ?"

ಬಾಗಿ ನಲ್ಲಿ ತಿರುಗಿಸಿದಳು. ನೀರು ಜೋರಾಗಿ ಬಂತು. ಬಿಡದಿದ್ದರೆ ಎಂಬುದಕ್ಕೆ ಅವಳ ಬಳಿ ಉತ್ತರ ಇತ್ತು. ಅದು ಹೊರಗೆ ಹೇಳುವಂಥದಾಗಿರಲಿಲ್ಲ.

ಎರಡು ಕೋಣೆಯ ಮನೆಯಲ್ಲಿ ನಲ್ಲಿಯ ಸದ್ದು ಎಷ್ಟನ್ನು ಮುಚ್ಚೀತು? ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ವಾರಿಜಮ್ಮ ಮಗನ ಕಡೆ ನೋಡದೆ, "ಬಾಗಿ ಹೇಳಿದ್ದು ಸರಿ ಯಜ್ಞ. ಹೆಸರು ಇದ್ದ ಹಾಗೇ ಇರಲಿ" ಎಂದರು. ಬಾಗಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವಳು ಏನೋ ಹೇಳಹೊರಟಳು. ವಾರಿಜಮ್ಮ ಅಷ್ಟರಲ್ಲಿ ಮೊಮ್ಮಗಳ ಕಡೆ ತಿರುಗಿ, ಶಾಲೆಯಲ್ಲಿ ಎಲ್ಲ ಕಲಿಸ್ತಾರಲ್ಲ, ಒಂದು ವಿಷಯ ಹೇಳು ಎಂದರು.

"ಈ ಜೈಲಲ್ಲಿ ಅಡುಗೆ ಯಾರು ಮಾಡುದು?"

ತನ್ವಿಗೆ ಹದಿನೈದು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. "ಕೈದಿ ಲೋಗ್ ಹೀ ಬನಾತೇ ಹೈ, ಅಜ್ಜಿ" ಎಂದಳು. ಕೈದಿಗಳೇ ಮಾಡುತ್ತಾರೆ.

"ಎಲ್ಲ ಜಾತಿಯವರೂ?"

"ಅಜ್ಜಿ, ಪ್ಲೀಸ್."

ವಾರಿಜಮ್ಮ ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಒತ್ತಿ ಒತ್ತಿ ಸಮ ಮಾಡಿದರು. ಅನ್ನ ಬಡಿಸಿದಷ್ಟೇ ಉಳಿಯಿತು.

ತೊಟ್ಟೆ ಹೋದ ಮೇಲೆ ಹುಲಗಪ್ಪ ಒಂದು ಉಪಾಯ ಮಾಡಿದ. ಡಬ್ಬಿಯನ್ನು ಗಿರಾಕಿಯೇ ಮೆಟ್ಟಿಲ ಮೇಲಿಂದ ಎರಡು ಕೈಯಲ್ಲಿ ಹಿಡಿಯಬೇಕು. ಇವನು ಒಂದು ಗೇಣು ಮೇಲಿಂದ ಸೌಟು ತಾಗದ ಹಾಗೆ ಹಿಟ್ಟು ಇಳಿಸಬೇಕು. ಮೊದಲ ವಾರ ಮೆಟ್ಟಿಲೆಲ್ಲ ಹಿಟ್ಟಾಯಿತು, ಡಬ್ಬಿ ಹಿಡಿದು ನಿಂತ ಜೋಶಿ ಮಾಸ್ತರರ ಚಪ್ಪಲಿಯೂ ಹಿಟ್ಟಾಯಿತು. ಆಮೇಲೆ ಅವನ ಕೈ ಪಳಗಿತು. ಎಳೆ ಕಡಿಯದೆ ಇಳಿಸುತ್ತಿದ್ದ. ನೋಡುವುದಕ್ಕೇ ಎರಡು ಮಕ್ಕಳು ನಿಲ್ಲುತ್ತಿದ್ದರು. ಆದರೆ ಆಫೀಸಿನಿಂದ ಲೋಕಲ್ ರೈಲು ಇಳಿದು ಬರುವವರ ಕೈಯಲ್ಲಿ ಡಬ್ಬಿ ಇರುವುದಿಲ್ಲವಲ್ಲ. ಅವರು ಒಂದು ಥೈಲಿ ಕೊಡಿ, ಯಾರೂ ನೋಡುವುದಿಲ್ಲ ಎಂದು ಗೋಗರೆಯುವರು. ಹುಲಗಪ್ಪ ಎರಡು ಕೈ ಜೋಡಿಸುವನು. ಅವರು ಸ್ಟೇಷನ್ ಹತ್ತಿರದ ಬೇರೆ ಅಂಗಡಿಗೆ ಹೋಗುವರು. ರುಬ್ಬುವ ಅಕ್ಕಿ ದಿನಕ್ಕೆ ಎಂಟು ಕಿಲೋ ಕಡಿಮೆಯಾಯಿತು.

ಆಷಾಢದ ಏಕಾದಶಿ ಕಳೆದು ಚಾತುರ್ಮಾಸ ಬಂತು. ವಾರಿಜಮ್ಮ ಪ್ರತಿವರ್ಷದ ಹಾಗೆ ತರಕಾರಿ ಬಿಟ್ಟರು. ಅದು ಮನೆಗೆ ರೂಢಿ. ಹೆಸರುಬೇಳೆ, ಕಾಳುಮೆಣಸು, ಮಾವಿನಕಾಯಿ ಹುಡಿ ಹಾಕಿದ ಅಡುಗೆ ಅವರಿಗೆ ಬೇರೆ ಆಗುತ್ತಿತ್ತು. ಈ ಸಲ ಅದನ್ನೂ ಬದಿಗೆ ಸರಿಸತೊಡಗಿದರು. ಬೆಳಿಗ್ಗೆ ಒಂದು ಹಿಡಿ ಅವಲಕ್ಕಿ, ಸಂಜೆ ಒಂದು ಬಾಳೆಹಣ್ಣು. ವ್ರತ ಸ್ವಲ್ಪ ಬಿಗಿ ಮಾಡಿಕೊಂಡಿರಬೇಕು ಎಂದು ಯಜ್ಞೇಶ್ವರ ತಿಳಿದ. ಬಾಗಿಯೂ ಒಂದು ವಾರ ಹಾಗೆಯೇ ಅಂದುಕೊಂಡಳು. ಎರಡನೇ ವಾರ ವಾರಿಜಮ್ಮ ಉದ್ದಿನ ಪಾತ್ರೆ ಎತ್ತುವಾಗ ಗೋಡೆ ಹಿಡಿದರು. ಬಾಗಿ ಪಾತ್ರೆ ಕಸಿದುಕೊಂಡು, ಇದು ಯಾವ ವ್ರತ ಅತ್ತೆ, ಯಾವ ಮಠದಲ್ಲಿ ಹೇಳಿದ್ದು ಎಂದು ಕೇಳಿದಳು.

"ಅಭ್ಯಾಸ ಮಾಡ್ತಾ ಇದ್ದೇನೆ" ಎಂದರು ವಾರಿಜಮ್ಮ.

"ಎಂತದ್ದು?"

"ಅಲ್ಲಿ ಉಣ್ಣಲಿಕ್ಕೆ ಆಗುದಿಲ್ಲ. ಅವಲಕ್ಕಿ, ಬಾಳೆಹಣ್ಣಾದರೆ ನೀನು ತಂದು ಕೊಟ್ಟರೆ ಬಿಡ್ತಾರಂತೆ. ದೇವದಾಸನ ಹತ್ತಿರ ಕೇಳಿದೆ. ಮೂರು ತಿಂಗಳು ಅದರಲ್ಲೇ ನಡೀಬೇಕಲ್ಲ, ಈಗಿಂದಲೇ ಹೊಟ್ಟೆಗೆ ಹೇಳಿಕೊಡುದು."

ಬಾಗಿ ಪಾತ್ರೆ ಕೆಳಗಿಟ್ಟಳು. ತೊಟ್ಟೆಗಳೇ ಮನೆಯಲ್ಲಿ ಇಲ್ಲ, ಯಾರು ಹಿಡೀತಾರೆ ನಿಮ್ಮನ್ನು ಎಂದು ಎಷ್ಟು ಹೇಳಿದರೂ ವಾರಿಜಮ್ಮ ಗೋಡೆಯ ಕಡೆ ನೋಡುತ್ತಿದ್ದರು. ಮುದುಕಿಯ ಹೆದರಿಕೆ ಎಂದು ಬಾಗಿ ತಿಳಿದಳು. ನಲ್ಲಿಯ ಹತ್ತಿರ ತಾನು ಆಡಿದ ಮಾತು ಅವರ ಹೊಟ್ಟೆಯೊಳಗೆ ಹೀಗೆ ಕೂತಿದೆ ಎಂದು ತಿಳಿದಳು. ಆ ದಿನ ಮೊದಲ್ಗೊಂಡು ಯಾವ ಗಾಡಿ ಹೊರಗೆ ನಿಂತರೂ ಇವಳೂ ಕಿವಿಗೊಡತೊಡಗಿದಳು. ನೀರಿನ ಟ್ಯಾಂಕರ್, ಶಾಲೆಯ ವ್ಯಾನು, ಗ್ಯಾಸಿನವನ ಟೆಂಪೋ. ಅಕ್ಕಿ ತೊಳೆಯುವ ಕೈ ನಿಂತು, ಇಂಜಿನ್ನಿನ ಸದ್ದು ಮುಂದೆ ಹೋಗುವ ತನಕ ಕಾಯುವುದು. ತಲೆ ಎತ್ತಿದರೆ ಎದುರಿಗೆ ಅತ್ತೆಯ ಕೈಯೂ ಹಾಗೇ ನಿಂತಿರುವುದು.

ಚೌತಿಗೆ ಎಂಟು ದಿನ ಉಳಿದಿತ್ತು. ಯಜ್ಞೇಶ್ವರ ಉದ್ದು ತರಲು ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿದ್ದ. ತನ್ವಿ ಶಾಲೆಗೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೊರಗಿನ ಹಿಟ್ಟು ಮುಗಿದು ಹುಲಗಪ್ಪ ಪಾತ್ರೆ ತೊಳೆಯುತ್ತಿದ್ದ. ಬಾಗಿ ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಗಾಡಿ ನಿಂತ ಸದ್ದಾಯಿತು. ಈ ಸಲ ಇಂಜಿನ್ ಮುಂದೆ ಹೋಗಲಿಲ್ಲ, ಆರಿತು.

"ಅಕ್ಕಾರ, ಅವ್ರು ಬಂದಾರ್ರೀ" ಎಂದ ಹುಲಗಪ್ಪ. ದನಿ ಸಣ್ಣಗಿತ್ತು.

ಏನೂ ಇಲ್ಲವಲ್ಲ, ಬಂದರೆ ಬರಲಿ ಎಂದುಕೊಂಡು ಬಾಗಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ದಪ್ಪ ಕನ್ನಡಕದ ಸಾಹೇಬ, ಜೊತೆಗೆ ಇಬ್ಬರು. ಹಬ್ಬದ ಮುಂಚೆ ಎಲ್ಲ ಅಂಗಡಿಗಳನ್ನೂ ಒಳಗಿನಿಂದ ನೋಡಬೇಕೆಂದು ಆದೇಶ ಬಂದಿದೆ ಎಂದ. ಇಬ್ಬರೂ ಕೌಂಟರಿನ ಕೆಳಗೆ ಬಗ್ಗಿದರು, ಡ್ರಾಯರ್ ಎಳೆದರು, ಅಕ್ಕಿಯ ಗೋಣಿಯೊಳಗೆ ಕೈ ಹಾಕಿದರು. ಏನೂ ಇರಲಿಲ್ಲ. ಸಾಹೇಬ ಒಳಗಿನ ಕೋಣೆ ತೋರಿಸಿ ಎಂದ. ಬಾಗಿ ಮುಂದೆ ಹೋಗಿ ರುಬ್ಬುವ ಕೋಣೆಯ ಬಾಗಿಲಲ್ಲಿ ನಿಂತಳು.

ವಾರಿಜಮ್ಮ ಮಣೆಯ ಮೇಲೆ ಕೂತಿದ್ದರು. ಮುಂದೆ ನಾಳೆಯ ಹಿಟ್ಟಿನ ದೊಡ್ಡ ಪಾತ್ರೆ, ಮೂವತ್ತು ಕಿಲೋ. ಬಲಗೈ ಮೊಣಕೈವರೆಗೆ ಹಿಟ್ಟಿನೊಳಗಿತ್ತು. ರುಬ್ಬಿದ ಹಿಟ್ಟಿಗೆ ಉಪ್ಪು ಹಾಕಿ ಕೈಯಲ್ಲೇ ಕಲಸುವುದು ದಿನದ ಕೆಲಸ. ನೋಡುವವರಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಆ ಕೈ ಕಲಸುತ್ತಿರಲಿಲ್ಲ. ಮತ್ತು ಮೂಲೆಯಲ್ಲಿ ರವೆಯ ಡಬ್ಬದ ಮುಚ್ಚಳ ತೆರೆದಿತ್ತು.

ಬಾಗಿ ಮುಚ್ಚಳ ನೋಡಿದಳು. ಅತ್ತೆಯ ಮುಖ ನೋಡಿದಳು. ಆಮೇಲೆ ಹಿಟ್ಟು ನೋಡಿದಳು. ಮೊಣಕೈಯ ಪಕ್ಕದಲ್ಲಿ ಬಿಳಿ ಹಿಟ್ಟನ್ನು ಒತ್ತಿಕೊಂಡು ಬಿಳಿಯದೇ ಇನ್ನೊಂದು ತುದಿ ಮೇಲೆ ಬಂದಿತ್ತು. ಗಾಳಿ ತುಂಬಿದ ತೊಟ್ಟೆಯ ಕಟ್ಟು, ಎಷ್ಟು ಒತ್ತಿದರೂ ಏಳುತ್ತಿತ್ತು. ವಾರಿಜಮ್ಮ ಭುಜ ಕೊಟ್ಟು ಒತ್ತಿದರು. ತುದಿ ಮರೆಯಾಯಿತು.

ಎಲ್ಲಿ ಎಸೆಯುವುದು ಎಂದು ತಿಳಿಯದೆ ಇಟ್ಟುಕೊಂಡಿದ್ದಾರೆ ಎಂದು ಬಾಗಿಗೆ ಒಂದೇ ಗಳಿಗೆಯಲ್ಲಿ ಹೊಳೆಯಿತು. ಎರಡು ತಿಂಗಳಿಂದ ಇದು ರವೆಯ ಡಬ್ಬದಲ್ಲಿ ಕೂತಿದೆ. ಕಸದವನು ನೋಡಿಯಾನು, ಮಗ ಬೈದಾನು, ಸುಟ್ಟರೆ ವಾಸನೆ ಹರಡೀತು. ಮುದುಕಿ ಬರೀ ಹೆದರಿ ಅವಲಕ್ಕಿ ತಿನ್ನುತ್ತಿರಲಿಲ್ಲ.

"ಚಪ್ಪಲಿ" ಎಂದರು ವಾರಿಜಮ್ಮ, ಸಾಹೇಬನಿಗೆ.

ಅವನು ಹೊಸಿಲಾಚೆಯೇ ನಿಂತ. ಅವನ ಜನ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಯ ಗೂಡು ನೋಡಿದರು, ರುಬ್ಬುವ ಯಂತ್ರದ ಹಿಂದೆ ನೋಡಿದರು, ರವೆಯ ಡಬ್ಬಕ್ಕೂ ಇಣುಕಿದರು. ರವೆ ಇತ್ತು. ಪಾತ್ರೆಯ ಸುತ್ತ ಬಂದು ದಾಟಿ ಹೋದರು. ಇಲ್ಲ ಸಾಹೇಬ್ ಎಂದರು. ಬಾಗಿ ಉಸಿರು ಬಿಡಬೇಕು, ಅಷ್ಟರಲ್ಲಿ ಸಾಹೇಬ ಸ್ಟೂಲು ಎಳೆದುಕೊಂಡು ಕೂತ. ಕುಡಿಯಲು ನೀರು ಕೇಳಿದ. ಬೆಳಿಗ್ಗೆಯಿಂದ ಇದು ನಲವತ್ತನೇ ಅಂಗಡಿಯಂತೆ. ಕಾಲು ನೋವಂತೆ. ಜನ ಇವನನ್ನೇ ಬೈಯುತ್ತಾರಂತೆ, ಕಾಯಿದೆ ಇವನು ಮಾಡಿದ ಹಾಗೆ. ನೀರು ಕುಡಿದು, ಭುಜದ ಚೀಲದಿಂದ ತನ್ನ ಊಟದ ಡಬ್ಬಿ ತೆಗೆದ.

"ಮನೆಯಲ್ಲಿ ಮಕ್ಕಳು ಇಡ್ಲಿ ಇಡ್ಲಿ ಎನ್ನುತ್ತಾರೆ. ಅರ್ಧ ಕಿಲೋ ಸಿಗುತ್ತದೆಯೇ?"

ಹೊರಗಿನದು ಮುಗಿದಿದೆ ಎಂದಳು ಬಾಗಿ. ಒಳಗಿನದು ಹಸಿ ಹಿಟ್ಟು, ಇನ್ನೂ ಹುಳಿ ಬಂದಿಲ್ಲ, ಕಲಸಿಯೂ ಆಗಿಲ್ಲ ಎಂದಳು. ಪರವಾಗಿಲ್ಲ, ಹೆಂಡತಿ ಮನೆಯಲ್ಲೇ ಹುಳಿ ಬರಿಸಿಕೊಳ್ಳುತ್ತಾಳೆ ಎಂದು ಅವನು ಡಬ್ಬಿ ಚಾಚಿದ. ಬಾಗಿ ತೆಗೆದುಕೊಂಡಳು. ಮುಚ್ಚಳ ತೆರೆಯುವ ಮುಂಚೆಯೇ ಒಣ ಬೊಂಬಿಲಿನ ವಾಸನೆ ಬಂತು. ಸೌಟು ಹೊರಗೆ ತೊಳೆಯುವ ಪಾತ್ರೆಗಳೊಳಗಿತ್ತು. ಅದನ್ನು ತಂದು ಆ ಪಾತ್ರೆಯಲ್ಲಿ ಅದ್ದಿದರೆ ಸೌಟಿಗೆ ಏನು ಸಿಕ್ಕೀತು? ಅವಳು ಡಬ್ಬಿ ಹಿಡಿದು ಅಲ್ಲೇ ನಿಂತಳು.

"ತಾ ಇಲ್ಲಿ" ಎಂದರು ವಾರಿಜಮ್ಮ.

ಎಡಗೈ ಚಾಚಿ ಡಬ್ಬಿ ಇಸಕೊಂಡರು. ಮೂಗು ಹಿಂಡಲಿಲ್ಲ, ಮುಖ ತಿರುಗಿಸಲಿಲ್ಲ. ಡಬ್ಬಿಯನ್ನೇ ಹಿಟ್ಟಿಗೆ ಓರೆಯಾಗಿ ಅದ್ದಿ, ತುಂಬಿಸಿ, ಎತ್ತಿ ಬಾಗಿಗೆ ಕೊಟ್ಟರು. ಬಲಗೈ ಒಂದು ನೂಲಷ್ಟೂ ಮೇಲೆ ಬರಲಿಲ್ಲ. ಬಾಗಿ ಸೆರಗಿನಿಂದ ಡಬ್ಬಿಯ ಹೊರಮೈ ಒರೆಸಿ ಮುಚ್ಚಳ ಹಾಕಿದಳು. ಸಾಹೇಬ ಹಣ ಕೊಟ್ಟ. ಬೇಡ ಎಂದರೂ ಕೊಟ್ಟ. ಹೊರಡುವಾಗ ಒಮ್ಮೆ ತಿರುಗಿ, ಆಜಿ ಎಷ್ಟು ಹೊತ್ತು ಕಲಸುತ್ತಾರೆ ಎಂದು ಕೇಳಿದ. ಅದು ಹದ ನೋಡಿಕೊಂಡು ಎಂದಳು ಬಾಗಿ.

ಜೀಪು ಹೋಗಲಿಲ್ಲ. ಅವರು ದೇವದಾಸನ ಅಂಗಡಿಗೆ ಹೋದರು. ಅಲ್ಲಿಂದ ಮಾತು ಕೇಳುತ್ತಿತ್ತು. ಬಾಗಿ ಪಾತ್ರೆಯ ಎದುರು ಕೂತು ತನ್ನ ಕೈಯನ್ನೂ ಹಿಟ್ಟಿಗೆ ಇಳಿಸಿದಳು. ತಣ್ಣಗಿತ್ತು. ಕೆಳಗೆ ಅತ್ತೆಯ ಬೆರಳುಗಳು ಕಟ್ಟನ್ನು ಹಿಡಿದು ಮರಗಟ್ಟಿದ್ದವು. ಬಿಡಿ, ನಾನು ಹಿಡಿದಿದ್ದೇನೆ ಎಂದು ಎರಡು ಸಲ ಹೇಳಬೇಕಾಯಿತು. ಆಮೇಲೂ ಅವರಿಗೆ ಬೆರಳು ಬಿಡಿಸಲು ಬರಲಿಲ್ಲ. ಬಾಗಿಯೇ ಒಂದೊಂದಾಗಿ ಬಿಡಿಸಿದಳು.

ಇಂಜಿನ್ ಶುರುವಾಗಿ ಸದ್ದು ತಿರುವು ದಾಟಿದ ಮೇಲೆ ಕಟ್ಟು ಎತ್ತಿದರೆ, ಕಟ್ಟಿದ ನೂಲು ಇರಲಿಲ್ಲ. ಅದು ಹಿಟ್ಟಿನೊಳಗೆ ಬಿಚ್ಚಿಕೊಂಡಿತ್ತು. ತೊಟ್ಟೆಗಳು ಬಿಡಿಬಿಡಿಯಾಗಿ ಬಂದವು, ಒಂದರ ಹಿಂದೆ ಒಂದು.

"ಎಷ್ಟು ಇತ್ತು?" ಬಾಗಿ ಕೇಳಿದಳು.

"ಗೊತ್ತಿಲ್ಲ."

"ಅಂದಾಜು ಹೇಳಿ ಅತ್ತೆ. ಐವತ್ತಾ? ಅರವತ್ತಾ?"

"ಗೊತ್ತಿಲ್ಲ ಮಾರಾಯ್ತಿ. ನೋಡ್ಲಿಕ್ಕೆ ಹೆದರಿಕೆಯಾಗಿ ನಾನು ಇವತ್ತಿನವರೆಗೆ ಆ ಡಬ್ಬ ತೆರೆದದ್ದೇ ಇಲ್ಲ."

ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಹುಲಗಪ್ಪ ಇನ್ನೊಂದು ಪಾತ್ರೆ ತಂದ. ಮೂವರೂ ಕೂತು ಮೂವತ್ತು ಕಿಲೋ ಹಿಟ್ಟನ್ನು ಬೊಗಸೆ ಬೊಗಸೆಯಾಗಿ ಅದಕ್ಕೆ ಇಳಿಸಿ ಹುಡುಕಿದರು. ತಳದಲ್ಲಿ ಮತ್ತೆರಡು ಸಿಕ್ಕವು. ಆಮೇಲೆ ಇಲ್ಲ. ಎಲ್ಲ ಸಿಕ್ಕಿತು ಎಂದೂ ಹೇಳುವಂತಿರಲಿಲ್ಲ, ಒಂದು ಸಾಹೇಬನ ಡಬ್ಬಿಯಲ್ಲಿ ಹೋಯಿತು ಎಂದೂ ಹೇಳುವಂತಿರಲಿಲ್ಲ. ಸಂಜೆ ಕಲ್ಯಾಣದಿಂದ ಬಂದ ಯಜ್ಞೇಶ್ವರ ಎಲ್ಲ ಕೇಳಿ, ಮೊದಲು ಅಮ್ಮನನ್ನು ಬೈದ, ಆಮೇಲೆ ಹೆಂಡತಿಯನ್ನು ಬೈದ, ಮತ್ತೆ ಮೆಟ್ಟಿಲ ಮೇಲೆ ಹೋಗಿ ತಲೆ ಹಿಡಿದುಕೊಂಡು ಕೂತ. ಹಿಟ್ಟನ್ನು ಗಟಾರಕ್ಕೆ ಸುರಿದರು. ಊಟಕ್ಕೆ ಯಾರೂ ಏಳಲಿಲ್ಲ. ತನ್ವಿ ತಾನಾಗಿ ಮ್ಯಾಗಿ ಮಾಡಿಕೊಂಡು ತಿಂದಳು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಮಾರಲು ಏನೂ ಇರಲಿಲ್ಲ. ಬಾಗಿ ಶಟರ್ ಅರ್ಧ ಎತ್ತಿ, ಬಂದವರಿಗೆ ನಾಳೆ ಬನ್ನಿ ಎನ್ನುತ್ತಿದ್ದಳು. ಎಂಟೂವರೆಗೆ ಸಾಹೇಬ ಬಂದ. ಜೀಪಿರಲಿಲ್ಲ, ನಡೆದು ಬಂದಿದ್ದ. ಭುಜದ ಚೀಲದಿಂದ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟು, ಮುಚ್ಚಳ ತೆರೆದ. ಡಬ್ಬಿ ತೊಳೆದಿತ್ತು. ಒಳಗೆ ಒಂದು ತೊಟ್ಟೆ. ಅದನ್ನೂ ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿತ್ತು.

"ಇದು ನಮ್ಮ ಮನೆಯದೇ ಇರಬೇಕು ಎಂದು ನನ್ನ ಹೆಂಡತಿ ಹೇಳುತ್ತಾಳೆ" ಎಂದ ಅವನು. "ನಮ್ಮ ಮನೆಯಲ್ಲಿ ಇಂಥದ್ದು ಇಲ್ಲ ಎಂದು ನಾನು ಹೇಳಿದೆ. ಯಾರದು ಇದು?"

ಹಿಂದೆ ರುಬ್ಬುವ ಕೋಣೆಯ ಬಾಗಿಲಲ್ಲಿ ಅತ್ತೆ ಎದ್ದು ನಿಂತದ್ದು ಬಾಗಿಗೆ ತಿಳಿಯಿತು. ಪಕ್ಕದಲ್ಲಿ ಗಂಡ ಇದ್ದ, ಅವನ ಬಾಯಿ ತೆರೆದಿತ್ತು. ಬಾಗಿ ಇಬ್ಬರಿಗಿಂತ ಮುಂಚೆ ಹೇಳಿದಳು.

"ನಂದು ಸಾಹೇಬ್. ನಾನು ಇಟ್ಟದ್ದು. ಅತ್ತೆಗೆ ಗೊತ್ತಿಲ್ಲ."

"ಸುಳ್ಳು" ಎಂದರು ವಾರಿಜಮ್ಮ. ಹೊಸಿಲು ದಾಟಿ ಕೌಂಟರಿನವರೆಗೆ ಬಂದರು. ಅವರ ಹಿಂದಿ ಅಷ್ಟಕ್ಕಷ್ಟೆ. "ಮೇರಾ ಹೈ. ಕಾಗಜ್ ಮೇ ಮೇರಾ ನಾಮ್ ಹೈ." ನನ್ನದು, ಕಾಗದದಲ್ಲಿ ಇರುವುದು ನನ್ನ ಹೆಸರು.

ಸಾಹೇಬ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. ಅವನ ಕಣ್ಣು ಮುದುಕಿಯ ಬಲಗೈಯ ಮೇಲೆ ನಿಂತಿತು. ನಿನ್ನೆ ಅದು ಹಿಟ್ಟಿನಿಂದ ಮೇಲೆ ಬಂದಿರಲಿಲ್ಲ. ಉಳಿದದ್ದು ಎಲ್ಲಿ ಎಂದು ಕೇಳಿದ. ಬಾಗಿ ಒಳಗೆ ಹೋಗಿ, ಹಿಟ್ಟು ತೊಳೆದು ಬಕೆಟ್ಟಿನಲ್ಲಿಟ್ಟಿದ್ದ ಎಲ್ಲವನ್ನೂ ಎರಡು ಕೈಯಲ್ಲಿ ತಂದಳು. ನೀರು ತೊಟ್ಟಿಕ್ಕುತ್ತಿತ್ತು. ಅವನು ಅವುಗಳನ್ನು ತನ್ನ ಬಟ್ಟೆಯ ಚೀಲಕ್ಕೆ ತುಂಬಿಕೊಂಡ, ಮಡಚಿದ ಆ ಒಂದನ್ನೂ.

"ಈಗ ನಾನು ಡ್ಯೂಟಿಯಲ್ಲಿಲ್ಲ, ದಂಡದ ಪುಸ್ತಕವೂ ತಂದಿಲ್ಲ" ಎಂದ. "ಹತ್ತು ಗಂಟೆಗೆ ಆಫೀಸಿಗೆ ಹೋಗುತ್ತೇನೆ. ಬರೆಯಬೇಕು ಅನ್ನಿಸಿದರೆ ಜೀಪಿನಲ್ಲಿ ಬರುತ್ತೇನೆ. ಅನ್ನಿಸದಿದ್ದರೆ ಬರುವುದಿಲ್ಲ. ನನಗೇ ಗೊತ್ತಿಲ್ಲ. ನಿನ್ನೆ ನಾನು ಅಲ್ಲೇ ಕೂತಿದ್ದೆ, ನೀರು ಕುಡಿದೆ. ನನ್ನ ಎದುರೇ ನೀವು ಹೀಗೆ ಮಾಡಿದಿರಿ."

ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಇಳಿದು ಹೋದ.

ಹತ್ತಾಯಿತು, ಹನ್ನೊಂದಾಯಿತು. ಯಜ್ಞೇಶ್ವರ ಒಬ್ಬ ವಕೀಲನಿಗೆ ಫೋನು ಮಾಡಿ ಇಟ್ಟ, ಇನ್ನೊಬ್ಬನಿಗೆ ಮಾಡಿದ. ಬಾಗಿ ಉದ್ದು ನೆನೆಹಾಕಿದಳು, ಮಾಡುವುದಕ್ಕೆ ಬೇರೇನೂ ತೋಚಲಿಲ್ಲ. ಒಳಗೆ ಬಂದು ನೋಡಿದರೆ ವಾರಿಜಮ್ಮ ತಾವಾಗಿ ಅನ್ನ ಬಡಿಸಿಕೊಂಡು, ಸಾರು ಕಲಸಿ ಉಣ್ಣುತ್ತಿದ್ದರು. ಅವಲಕ್ಕಿ ಎಲ್ಲಿ ಹೋಯಿತು ಎಂದು ಬಾಗಿ ಕೇಳಲಿಲ್ಲ. ಹಸಿವಾಗ್ತದೆ, ಎಂತ ಮಾಡುದು ಎಂದು ಅವರೇ ಹೇಳಿದರು.

ಆ ದಿನ ಜೀಪು ಬರಲಿಲ್ಲ. ಮರುದಿನವೂ ಬರಲಿಲ್ಲ. ಬರದ ಒಂದೊಂದು ದಿನವೂ ನಾಳೆ ಬರಬಹುದಾದ ದಿನವಾಗಿತ್ತು. ಮೂರನೇ ದಿನ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ವಾರಿಜಮ್ಮ ಸ್ನಾನ ಮಾಡಿ, ಹಣೆಗೆ ಗಂಧ ಇಟ್ಟು, ಹೊರಗಿನ ಸ್ಟೂಲಿನ ಮೇಲೆ ಕೂತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅಲ್ಲಿ ಕೂತದ್ದಿಲ್ಲ. ಹುಲಗಪ್ಪ ಏನು ಮಾಡುವುದೆಂದು ತಿಳಿಯದೆ ಸೌಟು ಹಿಡಿದು ನಿಂತಿದ್ದ. ಸಾವಂತ ಬಾಯಿ ಮೆಟ್ಟಿಲ ಮೇಲೆ ನಿಂತು ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ವಾರಿಜಮ್ಮ ಅದನ್ನು ಅವಳ ಕೈಯಿಂದ ಇಸಕೊಂಡು, ತಮ್ಮ ಮಡಿಲ ಹತ್ತಿರ ಇಟ್ಟುಕೊಂಡು, ಹಾಕು ಎಂದರು.

ಬಾಗಿ ಹತ್ತಿರ ಹೋಗಿ, ನೀವು ಒಳಗೆ ಹೋಗಿ ಅತ್ತೆ, ನಾನು ಕೂತುಕೊಳ್ತೇನೆ ಎಂದಳು.

"ನೀನು ಒಳಗಿರು" ಎಂದರು ವಾರಿಜಮ್ಮ. ಕಣ್ಣು ರಸ್ತೆಯ ತಿರುವಿನ ಮೇಲಿತ್ತು. "ನಿನ್ನ ನಾಲಗೆಗೆ ಈಗೀಗ ಸುಳ್ಳು ಬರ್ತದೆ. ಜೀಪು ಬಂದರೆ ಮೊದಲು ಅವನಿಗೆ ನಾನು ಕಾಣಬೇಕು."

ತಿರುವಿನಲ್ಲಿ ಏನೋ ಬಂತು. ಇಬ್ಬರೂ ಅತ್ತ ತಿರುಗಿದರು. ಹಾಲಿನವನ ಟೆಂಪೋ, ಮುಂದೆ ಹೋಯಿತು.